ಸಂಜೆ ಡೈರಿ ಮುಚ್ಚಿ, ಬೆಳಿಗ್ಗೆ ಕೆರೆ ಏರಿಗೆ: ವಿಚಾರಣಾ ಕೋರ್ಟಿನ ವಕೀಲರಿಗೊಂದು ದಿನಚರಿ

ಕರ್ನಾಟಕದ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕಲಾಪ ಶುರುವಾಗುವುದು ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ. ಬೆಂಗಳೂರಿನ ಆಸುಪಾಸಿನಲ್ಲಿ ಸೂರ್ಯ ಜೂನ್ ಮೊದಲಲ್ಲಿ 5.55ರ ಸುಮಾರಿಗೆ, ಜನವರಿ ಕೊನೆಯಲ್ಲಿ 6.45ರ ಸುಮಾರಿಗೆ ಹುಟ್ಟುತ್ತಾನೆ. ನಡುವೆ ನಾಲ್ಕು ಗಂಟೆಗೂ ಮಿಕ್ಕ ಹೊತ್ತಿದೆ. ಆದರೂ ಹಕ್ಕಿ ನೋಡುತ್ತ ಊರ ಕೆರೆ ಏರಿಯ ಮೇಲೆ ಒಂದು ಗಂಟೆ ನಿಲ್ಲಲು ವಕೀಲರಿಗೆ ಪುರುಸೊತ್ತಾಗುವುದಿಲ್ಲ. ಫೈಲು ಹುಡುಕುವುದು, ಇವತ್ತು ನಮ್ಮ ಕೇಸು ಎಷ್ಟನೇ ನಂಬರಿನಲ್ಲಿದೆ ಎಂದು ನೋಡುವುದು, ಸಾಕ್ಷಿಗೆ ಫೋನು ಹಚ್ಚುವುದು, ಅರ್ಧ ಪುಟದ ಮೆಮೊ ಟೈಪ್ ಮಾಡಿಸುವುದು, ಹೀಗೆ ಬೆಳಗು ಕರಗಿಹೋಗುತ್ತದೆ. ಇವೆಲ್ಲ ಹಿಂದಿನ ಸಂಜೆಯೇ ಮುಗಿಯಬೇಕಾದವು. ಹಾಗಾಗಿ ಹಕ್ಕಿ ನೋಡಲು ಹೋಗುವ ತಯಾರಿ ಶುರುವಾಗುವುದು ಸಂಜೆ ಆರೂವರೆಗೆ, ಆಫೀಸಿನ ಮೇಜಿನ ಮೇಲೆ.

ಸಂಜೆಯ ಮುಕ್ಕಾಲು ಗಂಟೆ

ಕಕ್ಷಿದಾರರು ಬರುವ ಮೊದಲು ಈ ಹೊತ್ತನ್ನು ಮೀಸಲಿಡಿ. ಅವರು ಹೋದ ಮೇಲೆ ಮಾಡೋಣ ಎಂದುಕೊಂಡರೆ ರಾತ್ರಿ ಒಂಬತ್ತಾಗುತ್ತದೆ, ತಲೆ ಓಡುವುದಿಲ್ಲ.

ಮೊದಲು ಇವತ್ತಿನ ಡೈರಿ ಪುಟ. ಹಿಂದಿನ ತಾರೀಖು, ಕೋರ್ಟು, ಕೇಸು ನಂಬರು, ಪಕ್ಷಕಾರರು, ಹಂತ, ಮುಂದಿನ ತಾರೀಖು ಎಂಬ ಕಾಲಂಗಳಲ್ಲಿ ಕೊನೆಯದು ಖಾಲಿ ಇರುವ ಸಾಲು ಒಂದೂ ಉಳಿಯಬಾರದು. ತಾರೀಖನ್ನು ಕೋರ್ಟ್ ಹಾಲಿನಲ್ಲೇ, ಕೇಳಿಸಿದ ತಕ್ಷಣ ಬರೆದುಕೊಳ್ಳಬೇಕು. ವರಾಂಡಕ್ಕೆ ಬಂದು ಬರೆದರೆ 17 ಹೋಗಿ 27 ಆಗುವುದು ಸಾಮಾನ್ಯ. ಆ ತಾರೀಖಿನ ಪುಟಕ್ಕೆ ಹೋಗಿ ಕೇಸನ್ನು ಅಲ್ಲೂ ಬರೆದ ಮೇಲೆಯೇ ಇವತ್ತಿನ ಸಾಲಿಗೆ ಟಿಕ್ ಹಾಕಿ. ತಾರೀಖು ತಪ್ಪಿಸಿಕೊಳ್ಳುವ ಪ್ರಸಂಗಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ: ಇವತ್ತಿನ ಪುಟದಲ್ಲಿ ಮುಂದಿನ ತಾರೀಖು ಇರುತ್ತದೆ, ಆ ತಾರೀಖಿನ ಪುಟದಲ್ಲಿ ಕೇಸು ಇರುವುದಿಲ್ಲ.

ಆಮೇಲೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾಳೆ ನೋಡಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು ‘ಕೆಎ’ಯಿಂದ ಶುರು. ಫೈಲಿನ ಮುಖಪುಟದ ಮೇಲೆ ಕೇಸು ನಂಬರಿನ ಕೆಳಗೇ ಅದನ್ನು ಬರೆದಿಡಿ. ಆ್ಯಪ್‌ನ ‘ಮೈ ಕೇಸಸ್’ ಪಟ್ಟಿಗೆ ನಿಮ್ಮ ಎಲ್ಲ ಕೇಸುಗಳನ್ನೂ ಸೇರಿಸಿದ್ದರೆ ನಾಳೆ ಬರುವವು ಒಟ್ಟಿಗೇ ಕಾಣುತ್ತವೆ. ಆ ಪಟ್ಟಿ ಉಳಿಯುವುದು ಫೋನಿನೊಳಗೆ, ಆದ್ದರಿಂದ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಬೇರೆಡೆ ಇಟ್ಟುಕೊಳ್ಳಿ. ಫೋನು ಕೆಟ್ಟ ದಿನ ನೂರಾರು ಕೇಸುಗಳನ್ನು ಮತ್ತೆ ಸೇರಿಸುತ್ತ ಕೂರುವುದು ಯಾರಿಗೂ ಬೇಡ. ಡೈರಿಯ ತಾರೀಖಿಗೂ ಆ್ಯಪ್‌ನ ತಾರೀಖಿಗೂ ಹೊಂದದಿದ್ದರೆ ಎರಡನ್ನೂ ನಂಬಬೇಡಿ. ಮರುದಿನ ಬೆಂಚ್ ಕ್ಲರ್ಕ್ ಬಳಿ ಆರ್ಡರ್ ಶೀಟ್ ನೋಡಿ ತಿದ್ದಿಕೊಳ್ಳಿ. ನ್ಯಾಯಾಧೀಶರು ರಜೆಯಲ್ಲಿದ್ದು ಎಲ್ಲ ಕೇಸುಗಳನ್ನೂ ಒಟ್ಟಿಗೆ ಮುಂದೂಡಿದ ದಿನ ಇಂಥ ವ್ಯತ್ಯಾಸ ಹೆಚ್ಚು.

ಮೂರನೆಯದು ನಾಳೆಯ ಫೈಲುಗಳು. ಅಲ್ಮಾರಿಯಿಂದ ತೆಗೆದು, ಕೋರ್ಟ್ ಹಾಲಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಮೇಲೂ ನಾಳೆ ಏನು ಮಾಡಬೇಕು ಎಂಬ ಒಂದು ಸಾಲಿನ ಚೀಟಿ ಸಿಕ್ಕಿಸಿ. ಡೈರಿಯಲ್ಲಿ ‘ಕ್ರಾಸ್’ (ಪಾಟೀಸವಾಲು) ಎಂದಷ್ಟೇ ಬರೆದಿದ್ದರೆ ಅದು ಕೇಸಿನ ಹಂತ ಮಾತ್ರ. ‘ಪಿ.ಡಬ್ಲ್ಯೂ. 2 (ವಾದಿಯ ಎರಡನೇ ಸಾಕ್ಷಿ) ಕ್ರಾಸ್, ಕರಾರು ಪತ್ರದ ಸಾಕ್ಷಿ ಸಹಿ, ಪಹಣಿಯ ಕಾಲಂ 12’ ಎಂದು ಬರೆದರೆ ಕೆಲಸ ಏನೆಂಬುದು ತಿಳಿಯುತ್ತದೆ. ಪಾಟೀಸವಾಲಿನ ತಯಾರಿ ಹಿಂದಿನ ಸಂಜೆ ಆಗುವಂಥದ್ದಲ್ಲ. ಅಂಥ ಕೇಸುಗಳನ್ನು ಡೈರಿಯ ಎರಡು ಕಡೆ ಬರೆಯುವುದು ಒಳ್ಳೆಯದು, ಒಮ್ಮೆ ತಾರೀಖಿನ ದಿನ, ಇನ್ನೊಮ್ಮೆ ಅದಕ್ಕೂ ಏಳು ದಿನ ಮುಂಚೆ, ಪೆನ್ಸಿಲಿನಲ್ಲಿ.

ಕೊನೆಯದಾಗಿ ಮೆಮೊ, ವಿನಾಯಿತಿ ಅರ್ಜಿ, ಪ್ರೋಸೆಸ್ ಫೀ (ಪಿ.ಎಫ್., ಸಮನ್ಸ್ ಜಾರಿಯ ಶುಲ್ಕ). ಆರೋಪಿ ನಾಳೆ ಬರಲಾಗುವುದಿಲ್ಲ ಎಂದು ಗೊತ್ತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 355ನೇ ಕಲಂ ಅಡಿಯ ವಿನಾಯಿತಿ ಅರ್ಜಿ ಇವತ್ತೇ ಟೈಪ್ ಆಗಿ ಫೈಲಿನೊಳಗಿರಬೇಕು. ಹಳೆಯ ಫಾರಂನಲ್ಲಿ ಇನ್ನೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 317 ಎಂದೇ ಇದ್ದರೆ ತಿದ್ದಿಸಿ. ಹೆಸರು ಕೂಗಿದಾಗ ಆರೋಪಿಯೂ ಇಲ್ಲ, ಅರ್ಜಿಯೂ ಇಲ್ಲ ಎಂದಾದರೆ ಎನ್.ಬಿ.ಡಬ್ಲ್ಯೂ. (ಜಾಮೀನುರಹಿತ ವಾರಂಟ್) ಹೊರಡುತ್ತದೆ, ಅದನ್ನು ರೀಕಾಲ್ ಮಾಡಿಸಲು ಇನ್ನೊಂದು ದಿನ ಹಾಳು. ಸಿವಿಲ್ ದಾವೆಯಲ್ಲಿ ಪಿ.ಎಫ್. ಕಟ್ಟದೆ ಬಿಟ್ಟರೆ ಸಮನ್ಸೇ ಹೊರಡದು. ಸಮನ್ಸ್ ಜಾರಿಯಾಗದೆ ವಾಪಸ್ ಬಂದರೆ, ಹೊಸ ಸಮನ್ಸಿಗೆ ಅರ್ಜಿ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 5 ಕೊಡುವುದು ಏಳೇ ದಿನ. ಎಷ್ಟೋ ದಾವೆಗಳು ವಾದದಲ್ಲಿ ಸೋಲುವ ಮೊದಲೇ ಇಂಥ ಸಣ್ಣ ಕಾರಣಕ್ಕೆ ವಜಾ ಆಗಿರುತ್ತವೆ.

ಅವಧಿಗಳ ಪುಸ್ತಕ ಬೇರೆಯೇ ಇರಲಿ

ಡೈರಿಯಲ್ಲಿ ಇರುವುದು ಕೋರ್ಟು ಕೊಟ್ಟ ತಾರೀಖು. ಕಾನೂನು ಕೊಟ್ಟ ತಾರೀಖನ್ನು ಯಾರೂ ಕೂಗಿ ಹೇಳುವುದಿಲ್ಲ, ದಿನದ ಕೇಸುಗಳ ಪಟ್ಟಿಯಾದ ಕಾಸ್ ಲಿಸ್ಟಿನಲ್ಲೂ ಬರುವುದಿಲ್ಲ. ಅದಕ್ಕಾಗಿ ನೂರು ಪುಟದ ಒಂದು ನೋಟ್‌ಬುಕ್ ಪ್ರತ್ಯೇಕವಾಗಿಡಿ: ಕಕ್ಷಿದಾರರ ಹೆಸರು, ಯಾವ ಘಟನೆಯಿಂದ ಎಣಿಕೆ, ಕೊನೆಯ ದಿನ, ಎಚ್ಚರಿಕೆಯ ದಿನ. ಪ್ರತಿ ಸೋಮವಾರ ಸಂಜೆ ಪೂರ್ತಿ ಓದಿ.

ಅದರಲ್ಲಿ ಇರಲೇಬೇಕಾದವು ಕೆಲವಿವೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಅದು ಮುಗಿದ ಮೇಲೆ ದೂರು ಸಲ್ಲಿಸಲು ಒಂದು ತಿಂಗಳು. ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ ಬಾಗಿಲು ತೆರೆದ ದಿನ ಹಾಕಬಹುದು ಎಂದು ಕಾಲಮಿತಿ ಕಾಯ್ದೆಯ 4ನೇ ಕಲಂ ಹೇಳುತ್ತದೆ, ಸರಿ. ಆದರೆ ನೋಟಿಸು ಕಳಿಸುವುದು ಕೋರ್ಟಿನ ಮುಂದಿನ ಕೆಲಸವಲ್ಲ, ಅದಕ್ಕೆ ಆ ರಿಯಾಯಿತಿ ಸಿಗದು. ಬೇಸಿಗೆ ರಜೆಯಲ್ಲಿ ಊರಿಗೆ ಹೋದವರು ಎಡವುವುದು ಇದೇ ಜಾಗದಲ್ಲಿ.

ಪ್ರತಿವಾದಿಯ ಲಿಖಿತ ಉತ್ತರವಾದ ರಿಟನ್ ಸ್ಟೇಟ್‌ಮೆಂಟಿಗೆ ಸಮನ್ಸ್ ಜಾರಿಯಾದಂದಿನಿಂದ 30 ದಿನ, ಕಾರಣ ತೋರಿಸಿದರೆ 90ರ ತನಕ. ಸಾಮಾನ್ಯ ದಾವೆಯಲ್ಲಿ ಅದರಾಚೆಗೂ ದಂಡ ತೆತ್ತು ಅವಕಾಶ ಪಡೆಯಬಹುದು. ವಾಣಿಜ್ಯ ದಾವೆಯಲ್ಲಿ 120 ದಿನ ಕಳೆದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ 30 ದಿನ, ಹೈಕೋರ್ಟಿಗೆ 90 ದಿನ. ಸರ್ಟಿಫೈಡ್ ಕಾಪಿಗೆ ತಗಲಿದ ದಿನಗಳನ್ನು ಈ ಎಣಿಕೆಯಿಂದ ಕಳೆಯಬಹುದು. ಕಾಪಿ ಸಿದ್ಧವಾದ ಮೇಲೂ ನೀವು ಹೋಗಿ ತೆಗೆದುಕೊಳ್ಳದೆ ಬಿಟ್ಟ ದಿನಗಳು ಮಾತ್ರ ಕಳೆಯುವುದಿಲ್ಲ. ತೀರ್ಪು ಬಂದ ದಿನವೇ ಕಾಪಿ ಅರ್ಜಿ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ, ಕಕ್ಷಿದಾರ ಮೇಲ್ಮನವಿ ಬೇಡ ಅಂದರೂ ಸರಿಯೇ. ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಮೊದಲೇ ಹಾಕಿಡುವ ಕೇವಿಯಟ್ 90 ದಿನಕ್ಕೆ ಸತ್ತುಹೋಗುತ್ತದೆ, 80ನೇ ದಿನದ ಮುಂದೆ ಗುರುತು ಹಾಕಿ. ಏಕಪಕ್ಷೀಯ ಡಿಕ್ರಿ ರದ್ದುಪಡಿಸಲು, ಗೈರುಹಾಜರಿಗೆ ವಜಾ ಆದ ದಾವೆಯನ್ನು ಮತ್ತೆ ತೆರೆಸಲು 30 ದಿನ.

ಬಂಧನದಲ್ಲಿರುವ ಆರೋಪಿಯ ಪರ ಇದ್ದರೆ ಇನ್ನೊಂದು ಲೆಕ್ಕ ಉಂಟು. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಬೇಕು. ಪಟ್ಟಿ ಸಲ್ಲಿಕೆಯಾದ ಮೇಲೆ ಅರ್ಜಿ ಹಾಕಿದರೆ ಆ ಹಕ್ಕಿಲ್ಲ. ಆದ್ದರಿಂದ 61ನೇ ಅಥವಾ 91ನೇ ದಿನದ ಬೆಳಿಗ್ಗೆ ಕೆರೆಯ ಮಾತೇ ಬೇಡ. ಬಾಗಿಲು ತೆಗೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿ ಹಿಡಿದು ನಿಂತಿರಿ.

ಯಾವ ಬೆಳಿಗ್ಗೆ ಹೋಗಬಹುದು

ನಾಳೆಯ ಪುಟ ನೋಡಿ ಮೂರು ಬಗೆಯಾಗಿ ವಿಂಗಡಿಸಿ. ಬರಿಯ ತಾರೀಖು ತೆಗೆದುಕೊಳ್ಳುವ ಕೇಸುಗಳು. ಏನಾದರೂ ಸಲ್ಲಿಸಬೇಕಾದ ಕೇಸುಗಳು. ನೀವೇ ನಿಂತು ಮಾತಾಡಬೇಕಾದ ಕೇಸುಗಳು. ಮೂರನೆಯ ಬಗೆಯದು ಎರಡಕ್ಕಿಂತ ಹೆಚ್ಚಿದ್ದರೆ ಹೋಗಬೇಡಿ. ಹೋದರೂ ಕಣ್ಣು ಹಕ್ಕಿಯ ಮೇಲೆ, ತಲೆ ಸಾಕ್ಷಿಯ ಮೇಲೆ ಇರುತ್ತದೆ. ಒಂದೋ ಎರಡೋ ಇದ್ದು ತಯಾರಿ ಆಗಿದ್ದರೆ ಧಾರಾಳವಾಗಿ ಹೋಗಬಹುದು. ವಾರಕ್ಕೆ ಎರಡು ಬೆಳಿಗ್ಗೆ ಸಿಕ್ಕರೆ ಸಾಕು. ದಿನಾ ಹೋಗುತ್ತೇನೆ ಎಂದು ಹೊರಟವರು ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಾರೆ.

ಎರಡು ಹಾಲುಗಳಲ್ಲಿ ಒಂದೇ ಹೊತ್ತಿಗೆ ಕೇಸಿದ್ದರೆ ಅದನ್ನೂ ಸಂಜೆಯೇ ಬಗೆಹರಿಸಿ. ಹಾಜರಿ, ಸಮನ್ಸ್, ಐ.ಎ. (ಮಧ್ಯಂತರ ಅರ್ಜಿ) ಕೇಸುಗಳನ್ನು ಮೊದಲು ಕರೆದು ಸಾಕ್ಷ್ಯವನ್ನು ಆಮೇಲೆ ತೆಗೆದುಕೊಳ್ಳುವುದು ಅನೇಕ ಕೋರ್ಟುಗಳ ರೂಢಿ. ಎಲ್ಲಿ ನೀವಿಲ್ಲದಿದ್ದರೆ ಕೇಸಿಗೆ ಪೆಟ್ಟು ಬೀಳುತ್ತದೋ ಅಲ್ಲಿಗೆ ನೀವು, ಉಳಿದ ಕಡೆ ಜೂನಿಯರ್. ಸಾಕ್ಷಿ ಬಂದು ಕೂತಿರುವ ಕೇಸಿನಲ್ಲಿ ವಾಯಿದೆ ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು. ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17 ಹೇಳುತ್ತದೆ. ಆ ಮೂರನ್ನು ಹಕ್ಕಿಗಾಗಿ ಖರ್ಚು ಮಾಡುವ ವಕೀಲರು ಇಲ್ಲವೆಂದೇ ನಂಬೋಣ.

ಹೊತ್ತಿನ ಲೆಕ್ಕ ಹೀಗಿರಲಿ: ಚಳಿಗಾಲದಲ್ಲಿ 6.30ಕ್ಕೆ ಏರಿ ಮೇಲೆ, 7.45ಕ್ಕೆ ವಾಪಸ್, 9ಕ್ಕೆ ಆಫೀಸು, 10.40ಕ್ಕೆ ಕೋರ್ಟಿನ ಆವರಣ. ಬೇಸಿಗೆಯಲ್ಲಿ ಕೆರೆಯ ಹೊತ್ತನ್ನು ಅರ್ಧ ಗಂಟೆ ಮುಂಚೆ ಇಟ್ಟುಕೊಳ್ಳಿ. 8ರ ನಂತರ ನೀರಿನ ಮೇಲೆ ಬಿಸಿಲ ಝಳ ಏಳತೊಡಗಿ ದೂರದ ಹಕ್ಕಿ ಕಲಸಿಕೊಂಡಂತೆ ಕಾಣುತ್ತದೆ.

ಬಟ್ಟೆ ಮುಖ್ಯ. ಬಿಳಿ ಅಂಗಿ ತೊಟ್ಟು ಏರಿ ಹತ್ತಿದರೆ ಬಯಲಿನಲ್ಲಿ ನೀವು ಬಲು ದೂರದಿಂದಲೇ ಎದ್ದು ಕಾಣುತ್ತೀರಿ. ಬಾತುಗಳು ಮೊದಲೇ ಆಚೆ ದಡಕ್ಕೆ ಸರಿಯುತ್ತವೆ. ಮಣ್ಣು ಬಣ್ಣದ್ದೋ ಕಡು ಹಸಿರಿನದ್ದೋ ಹಳೆಯ ತುಂಬುತೋಳಿನ ಅಂಗಿ ಸಾಕು. ಬಿಳಿ ಅಂಗಿ, ಕೋಟು, ಕೊರಳ ಬ್ಯಾಂಡ್ ಆಫೀಸಿನಲ್ಲೇ ಹ್ಯಾಂಗರಿನಲ್ಲಿರಲಿ. ಬ್ಯಾಂಡ್ ಮತ್ತು ಗೌನನ್ನು ಸಾರ್ವಜನಿಕ ಸ್ಥಳಗಳಲ್ಲಿ ಧರಿಸಬಾರದೆಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟರೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ ಎಂದೂ ಅದೇ ನಿಯಮಗಳು ಹೇಳುತ್ತವೆ. ಕೆರೆಗೆ ಹಾಕಿದ ಶೂ ಕೋರ್ಟಿಗೆ ಬೇಡ, ಒಣಗಿದ ಕೆಸರು ಮೆಟ್ಟಿಲ ಮೇಲೆಲ್ಲ ಉದುರುತ್ತದೆ.

ಬೈನಾಕ್ಯುಲರ್

ಮೊದಲ ಸಲ ಕೊಳ್ಳುವವರಿಗೆ 8×42 ಸೂಕ್ತ. 8 ಎಂದರೆ ಎಷ್ಟು ಪಟ್ಟು ಹತ್ತಿರ ತೋರುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಅಷ್ಟು ಮಿಲಿಮೀಟರು. ನಸುಕಿನಲ್ಲಿ ಇದು ದೊಡ್ಡದಿದ್ದಷ್ಟೂ ನೋಟ ತಿಳಿ. 10×25ರ ಜೇಬಿನ ಮಾದರಿಯಲ್ಲಿ ಅದು ಎರಡೂವರೆಯಷ್ಟೇ, ಬೆಳಿಗ್ಗೆ ಆರೂವರೆಗೆ ಎಲ್ಲವೂ ಮಂಕು. 10 ಪಟ್ಟಿನದು ಕೆರೆಗೆ ಚೆನ್ನ ಅನ್ನಿಸುತ್ತದೆ, ಆದರೆ ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಕನ್ನಡಕ ಹಾಕುವವರು ಐ ರಿಲೀಫ್ (ಕಣ್ಣಿಗೂ ಗಾಜಿಗೂ ನಡುವೆ ಬಿಡಬಹುದಾದ ಅಂತರ) 15 ಮಿಲಿಮೀಟರಿಗಿಂತ ಹೆಚ್ಚಿರುವುದನ್ನೇ ಕೇಳಿ ಕೊಳ್ಳಿ, ಕಣ್ಣಿನ ಕಡೆಯ ರಬ್ಬರ್ ಬಳೆಯನ್ನು ಒಳಕ್ಕೆ ತಿರುಗಿಸಿ ಬಳಸಿ.

ಹೊಂದಿಸದೆ ಬಳಸಿದರೆ ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ಎರಡು ಕೊಳವೆಗಳನ್ನು ಹಿಡಿದು ಮಡಿಸುತ್ತ, ಬಿಚ್ಚುತ್ತ ಎರಡು ವೃತ್ತಗಳು ಒಂದಾಗುವಲ್ಲಿ ನಿಲ್ಲಿಸಿ. ದೂರದ ಬೋರ್ಡೊಂದನ್ನು ಗುರಿಯಾಗಿಟ್ಟುಕೊಳ್ಳಿ. ಬಲಗಡೆಯ ಮುಂಗಾಜನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ಅಕ್ಷರ ತಿಳಿಯಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಡೆಯದನ್ನು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ಕಣ್ಣಿನ ಹತ್ತಿರದ ಡಯಾಪ್ಟರ್ ಬಳೆಯನ್ನು ಮಾತ್ರ ತಿರುಗಿಸಿ. ಆ ಬಳೆಯ ಸ್ಥಾನಕ್ಕೆ ಉಗುರುಬಣ್ಣದ ಚುಕ್ಕಿ ಇಟ್ಟುಬಿಡಿ. ಮುಂದೆ ಬೇಕಾಗುವುದು ನಡುವಿನ ಚಕ್ರ ಒಂದೇ.

ಹಕ್ಕಿ ಸಿಗುತ್ತಿಲ್ಲ ಎಂಬುದು ಹೊಸಬರ ಮೊದಲ ದೂರು. ಅವರು ತಲೆ ತಗ್ಗಿಸಿ ಬೈನಾಕ್ಯುಲರ್ ನೋಡಿಕೊಂಡು ಮತ್ತೆ ತಲೆ ಎತ್ತುತ್ತಾರೆ, ಅಷ್ಟರಲ್ಲಿ ಜಾಗ ತಪ್ಪಿರುತ್ತದೆ. ಕಣ್ಣು ಹಕ್ಕಿಯ ಮೇಲೇ ನೆಟ್ಟಿರಲಿ, ಬೈನಾಕ್ಯುಲರ್ ತಾನಾಗಿ ಕಣ್ಣಿಗೆ ಬರಲಿ. ಮಳೆಗಾಲದಲ್ಲಿ ಗಾಜಿನೊಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೀರುವಿನೊಳಗಿನ ಚರ್ಮದ ಚೀಲ ಅದಕ್ಕೆ ಅತಿ ಕೆಟ್ಟ ಜಾಗ.

ಏರಿಯ ಮೇಲೆ

ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬಿಸಿಲು ಬೆನ್ನಿಗಿದ್ದು ಹಕ್ಕಿಯ ಬಣ್ಣ ನಿಜವಾಗಿ ಕಾಣುತ್ತದೆ. ಎದುರು ಬಿಸಿಲಿನಲ್ಲಿ ನಾಮದ ಕೋಳಿಯೂ ವರಟೆಯೂ ಒಂದೇ ಥರದ ಕರಿ ಗುಂಪು. ಎಲ್ಲ ಕಡೆ ಸುತ್ತಬೇಡಿ. ನೀರು ಆಳವಿಲ್ಲದ, ಜೊಂಡು ಬೆಳೆದ ಮೂಲೆಯನ್ನು ಆರಿಸಿಕೊಂಡು ಇಪ್ಪತ್ತು ನಿಮಿಷ ಅಲ್ಲಾಡದೆ ನಿಲ್ಲಿ. ಮೊದಲ ಐದು ನಿಮಿಷ ಏನೂ ಕಾಣದು. ಆಮೇಲೆ ಹುಂಡುಕೋಳಿ ಜೊಂಡಿನಿಂದ ಈಚೆ ಬರುತ್ತದೆ, ಮುಳುಗಿದ್ದ ಗುಳುಮುಳುಕ ಮೇಲೇಳುತ್ತದೆ, ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಕೊಳಬಕ ಕತ್ತು ಚಾಚುತ್ತದೆ. ಟಿಟ್ಟಿಭ ಕೂಗಾಡತೊಡಗಿದರೆ ನೀವು ಅದರ ಗೂಡಿನ ಹತ್ತಿರ ಬಂದಿದ್ದೀರಿ ಎಂದೇ ತಿಳಿಯಿರಿ. ಅದು ಬರೀ ನೆಲದ ಮೇಲೆ, ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ನಮ್ಮ ಕೆರೆಗಳಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಬಿಳಿ ಹಕ್ಕಿಗಳು. ಎಲ್ಲವನ್ನೂ ಬೆಳ್ಳಕ್ಕಿ ಎಂದು ಬರೆದರೆ ದಾಖಲೆಗೆ ಬೆಲೆಯಿಲ್ಲ. ಕರಿ ಕೊಕ್ಕು, ಕರಿ ಕಾಲು, ಹಳದಿ ಪಾದವಿದ್ದರೆ ಸಣ್ಣ ಬೆಳ್ಳಕ್ಕಿ. ಅದು ಪಾದದಿಂದ ನೀರು ಕಲಕುತ್ತ ಮೀನು ಎಬ್ಬಿಸುತ್ತದೆ. ದನದ ಹಿಂದೆ, ಉಳುವ ಟ್ರ್ಯಾಕ್ಟರಿನ ಹಿಂದೆ ನಡೆಯುವ ಮೋಟು ಹಳದಿ ಕೊಕ್ಕಿನದು ಗೋವಕ್ಕಿ; ಮಳೆಗಾಲ ಹತ್ತಿರವಾದಂತೆ ತಲೆ, ಕತ್ತು ಕೇಸರಿಯಾಗುತ್ತವೆ. ಕಷ್ಟವಿರುವುದು ಮಧ್ಯಮ ಬೆಳ್ಳಕ್ಕಿ ಮತ್ತು ದೊಡ್ಡ ಬೆಳ್ಳಕ್ಕಿಯಲ್ಲಿ. ಗಾತ್ರ ನಂಬಬೇಡಿ, ಪಕ್ಕದಲ್ಲಿ ಇನ್ನೊಂದು ಇಲ್ಲದಿದ್ದರೆ ಗಾತ್ರ ಮೋಸ ಮಾಡುತ್ತದೆ. ಬಾಯಿಯ ಸೀಳು ಕಣ್ಣಿನ ಕೆಳಗೇ ನಿಂತರೆ ಮಧ್ಯಮ, ಕಣ್ಣಿನ ಹಿಂದಕ್ಕೂ ಹಾದುಹೋದರೆ ದೊಡ್ಡದು. ಕೊಕ್ಕಿನ ಬಣ್ಣವೂ ಆಧಾರವಲ್ಲ. ಮರಿ ಮಾಡುವ ಕಾಲದಲ್ಲಿ ಹಳದಿ ಹೋಗಿ ಕಪ್ಪಾಗುತ್ತದೆ. ಪಾದ ನೀರಿನೊಳಗಿದ್ದರೆ ಹಾರುವವರೆಗೆ ಕಾಯಿರಿ, ಎಬ್ಬಿಸಬೇಡಿ.

ನೀರುಕಾಗೆಯಲ್ಲಿ ಮೂರು ಬಗೆ. ಮೋಟು ಕೊಕ್ಕು, ಎತ್ತರದ ಹಣೆಯದು ಪುಟ್ಟದು, ಎಲ್ಲ ಕೆರೆಯಲ್ಲೂ ಉಂಟು. ನೀಳ ಕೊಕ್ಕು, ನೀಲಿ-ಹಸಿರು ಕಣ್ಣಿನದು ಎರಡನೆಯದು. ಬಾತಿನಷ್ಟು ದಪ್ಪ ಮೈಯ, ಗಲ್ಲದ ಬಳಿ ಹಳದಿ-ಬಿಳುಪಿರುವುದು ದೊಡ್ಡದು. ಮೈಯೆಲ್ಲ ಮುಳುಗಿ ಕತ್ತು ಮಾತ್ರ ನೀರಿನ ಮೇಲೆ ಹಾವಿನಂತೆ ಆಡುತ್ತಿದ್ದರೆ ಅದು ಹಾವಕ್ಕಿ, ನೀರುಕಾಗೆಯಲ್ಲ.

ಬರೆದುಕೊಳ್ಳಲು ಜೇಬಿನ ಪುಸ್ತಕ, ಪೆನ್ಸಿಲು. ಪೆನ್ನಿನ ಶಾಯಿ ಮಂಜಿಗೆ ಹರಡುತ್ತದೆ. ಶುರುವಾದ ಹೊತ್ತು, ಮುಗಿದ ಹೊತ್ತು, ನಡೆದ ದೂರ, ಜಾತಿ, ಸಂಖ್ಯೆ ಇಷ್ಟಿದ್ದರೆ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಪೂರ್ಣ ಪಟ್ಟಿ ಸಲ್ಲಿಸಬಹುದು. ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಮೈನಾ ಬಿಟ್ಟರೆ ಅದು ಪೂರ್ಣ ಪಟ್ಟಿಯಲ್ಲ. ದೊಡ್ಡ ಗುಂಪನ್ನು ಎಣಿಸಲು ಮೊದಲು ಹತ್ತನ್ನು ಎಣಿಸಿ ಅವು ಹಿಡಿಯುವ ಜಾಗ ಕಣ್ಣಿನಲ್ಲಿ ಅಳೆದುಕೊಳ್ಳಿ, ಅಂಥ ಎಷ್ಟು ತುಂಡುಗಳಿವೆ ಎಂದು ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ನೋಡಿ. ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ, ಭಾರತದ ಪ್ಯಾಕ್ ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಬೇಕಿಲ್ಲ. ಅದು ಹೇಳಿದ್ದು ಸುಳಿವು ಮಾತ್ರ. ಕಾಜಾಣದಂಥ ಅಣಕಿಸುವ ಹಕ್ಕಿ ಅದನ್ನೂ ಏಮಾರಿಸುತ್ತದೆ. ಕಂಡೋ ಕೇಳಿಯೋ ನಿಮಗೇ ಖಚಿತವಾಗದ್ದನ್ನು ಪಟ್ಟಿಗೆ ಸೇರಿಸಬಾರದು. ಕೇಳಿದ ಮಾತಿಗೆ ಸಾಕ್ಷ್ಯದ ಬೆಲೆಯಿಲ್ಲ ಎಂಬುದನ್ನು ವಕೀಲರಿಗೆ ಬೇರೆ ಹೇಳಬೇಕಿಲ್ಲ.

ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ಬಿಸಿಲು ಬೀಳುವ ಮೊದಲು ಕಾಲುದಾರಿ ಬಿಟ್ಟು ಇಳಿಯಬೇಡಿ, ಕಣಕಾಲು ಮುಚ್ಚುವ ಶೂ ಇರಲಿ. ಮಲೆನಾಡಿನವರಿಗೆ ಇನ್ನೂ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಕಾಡಿಗೆ ತಾಗಿದ ಕೆರೆಯಾದರೆ ಆ ತಿಂಗಳುಗಳಲ್ಲಿ ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ.

ಫೋನು, ಮತ್ತು ಎದುರು ಸಿಕ್ಕವರು

ಕಕ್ಷಿದಾರರಿಗೆ ಫೋನಿನ ಹೊತ್ತು ಗೊತ್ತುಮಾಡಿ: ಬೆಳಿಗ್ಗೆ 8.30ರಿಂದ 9.30, ಸಂಜೆ 7.30ರ ನಂತರ. ಮೊದಲ ಭೇಟಿಯಲ್ಲೇ ಹೇಳಿ, ವಕಾಲತ್ತಿಗೆ ಸಹಿ ಹಾಕಿಸುವಾಗ. ಆಮೇಲೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ನಾಳೆ ಕೋರ್ಟಿಗೆ ಬರಬೇಕಾದವರಿಗೆ ಸಂಜೆಯೇ ಹಾಲ್ ನಂಬರು, ಹೊತ್ತು, ತರಬೇಕಾದ ಅಸಲು ದಾಖಲೆ ಬರೆದು ಸಂದೇಶ ಕಳಿಸಿದ್ದರೆ ಬೆಳಗಿನ ಕರೆಗಳಲ್ಲಿ ಅರ್ಧ ಬರುವುದೇ ಇಲ್ಲ. ಬಂಧನದಂಥ ತುರ್ತಿಗೆ ಜೂನಿಯರ್ ನಂಬರು ಕೊಟ್ಟಿರಿ.

ಏರಿ ಮೇಲೆ ಕೇಸಿನ ಮಾತು ಬೇಡ. ನೀರಿನ ಮೇಲೆ ದನಿ ಬಲು ದೂರ ಹೋಗುತ್ತದೆ, ಸಣ್ಣ ಊರಿನಲ್ಲಿ ಹಿಂದೆ ನಡೆಯುತ್ತಿರುವವರು ಎದುರು ಪಾರ್ಟಿಯ ಭಾವಮೈದುನ ಆಗಿರಬಹುದು. ಕಕ್ಷಿದಾರ ಹೇಳಿದ್ದನ್ನು ಗುಟ್ಟಾಗಿಡುವ ಹೊಣೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ನಿಮ್ಮ ಮೇಲೆ ಹೊರಿಸಿದೆ, ಅದು ಕೆರೆ ದಂಡೆಯಲ್ಲೂ ಇರುತ್ತದೆ. ತಾಲ್ಲೂಕು ಊರುಗಳಲ್ಲಿ ನ್ಯಾಯಾಧೀಶರೂ ಅದೇ ಏರಿಯ ಮೇಲೆ ವಾಕಿಂಗ್ ಬರುತ್ತಾರೆ. ‘ನಮಸ್ಕಾರ ಸರ್’ ಎಂದು ಮುಂದೆ ಸಾಗಿ. ಹಕ್ಕಿ ತೋರಿಸುವ ನೆಪದಲ್ಲೂ ಜೊತೆಗೆ ನಿಲ್ಲದಿರುವುದು ಇಬ್ಬರಿಗೂ ಕ್ಷೇಮ. ನೋಡಿದವರು ನೋಡಿದ ಹಾಗೇ ಹೇಳುವುದಿಲ್ಲ.

ಕೆರೆಗೆ ಹೋಗಲಾಗದ ದಿನ, ರಜೆಯ ದಿನ

ಹಳೆಯ ಕೋರ್ಟುಗಳ ಆವರಣದಲ್ಲಿ ಆಲ, ಅರಳಿ, ಮಳೆಮರಗಳಿವೆ. ಊಟದ ಬಿಡುವಿನಲ್ಲಿ ಹದಿನೈದು ನಿಮಿಷ ಅವುಗಳ ಕೆಳಗೆ ನಿಂತರೂ ಸಾಕು. ಅರಳಿ ಹಣ್ಣಾದಾಗ ಕುಟ್ರು ಹಕ್ಕಿಗಳು, ಪಿಕಳಾರ, ಕೋಗಿಲೆ ಸೇರುತ್ತವೆ. ಪೊಟರೆಯಿದ್ದರೆ ಹಾಲಕ್ಕಿ ಹಗಲಲ್ಲೂ ಮುಖ ತೋರಿಸಬಹುದು. ಬೆಂಗಳೂರಿನಲ್ಲಿ ಹೈಕೋರ್ಟಿನ ಹಿಂಬದಿಗೇ ಕಬ್ಬನ್ ಪಾರ್ಕ್ ಇದೆ. ಧಾರವಾಡ ಪೀಠಕ್ಕೆ ಬರುವವರು ಊರಲ್ಲಿ ಉಳಿದರೆ ಬೆಳಿಗ್ಗೆ ಕೆಲಗೇರಿ ಕೆರೆ, ಸಾಧನಕೇರಿ ನೋಡಬಹುದು. ಮೈಸೂರಿನವರಿಗೆ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳಿವೆ.

ರಜೆಗಳನ್ನು ಹಕ್ಕಿಗಳ ಕಾಲಕ್ಕೆ ಹೊಂದಿಸಿಕೊಳ್ಳಬಹುದು. ಡಿಸೆಂಬರ್ ಕೊನೆಯ ರಜೆ ಚಳಿಗಾಲದ ವಲಸೆಯ ನಡುಮಧ್ಯೆ ಬೀಳುತ್ತದೆ: ಗದಗ ಜಿಲ್ಲೆ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಮಧ್ಯ ಏಷ್ಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ. ಅವು ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಇಳಿಯುತ್ತವೆ, ಹಾಗಾಗಿ ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು. ಬೇಸಿಗೆ ರಜೆಯ ಹೊತ್ತಿಗೆ ವಲಸೆ ಬಾತು, ಗೊರವಗಳು ಹೊರಟುಹೋಗಿರುತ್ತವೆ. ಆಗ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಗೂಡುಗಳಲ್ಲಿ ಬೆಳೆದ ಹೆಜ್ಜಾರ್ಲೆ ಮರಿಗಳು, ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳು. ಮಂಡಗದ್ದೆ ಪಕ್ಷಿಧಾಮಕ್ಕೆ ಮಳೆಗಾಲವೇ ಸರಿ. ಫೆಬ್ರುವರಿ ಮಧ್ಯದ ನಾಲ್ಕು ದಿನ ಜಗತ್ತಿನೆಲ್ಲೆಡೆ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಒಂದು ಸಲಕ್ಕೆ ಹದಿನೈದು ನಿಮಿಷ ಕೊಟ್ಟರೂ ಸೇರಬಹುದು. ಎರಡನೇ ಶನಿವಾರ ಖಾಲಿ ಎಂದು ದೂರದ ಪ್ರಯಾಣ ಗೊತ್ತುಮಾಡುವ ಮುನ್ನ ರಾಷ್ಟ್ರೀಯ ಲೋಕ ಅದಾಲತ್ ಇದೆಯೇ ನೋಡಿ, ಅದು ಬೀಳುವುದು ಸಾಮಾನ್ಯವಾಗಿ ಅಂದೇ. ಸಿವಿಲ್ ಕೋರ್ಟಿಗೆ ರಜೆಯೆಂದರೆ ಮ್ಯಾಜಿಸ್ಟ್ರೇಟರ ಮುಂದಿನ ಕೇಸುಗಳಿಗೂ ರಜೆಯೆಂದಲ್ಲ.

ಹಕ್ಕಿಗಿಂತ ಗಾಳ ಇಷ್ಟಪಡುವವರಿಗೂ ಇದೇ ದಿನಚರಿ ಹೊಂದುತ್ತದೆ, ಎರಡು ಎಚ್ಚರಿಕೆಗಳೊಡನೆ. ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೋ ಹರಾಜಿಗೋ ಕೊಟ್ಟಿರುತ್ತಾರೆ. ಗುತ್ತಿಗೆದಾರನನ್ನು ಕೇಳದೆ ಗಾಳ ಹಾಕಿ ಸಿಕ್ಕಿಬಿದ್ದರೆ, ಮರುದಿನ ಬಾರ್ ರೂಮಿನಲ್ಲಿ ತಮಾಷೆಗೆ ಅದೊಂದೇ ವಿಷಯ. ಪಕ್ಷಿಧಾಮ, ಅಭಯಾರಣ್ಯದ ನೀರಿನಲ್ಲಂತೂ ಕೂಡದು. ಎರಡನೆಯದು ವಾಸನೆ. ಎರೆಹುಳು ಮುಟ್ಟಿದ ಕೈ, ಜಿಲೇಬಿ ಮೀನು ಹಿಡಿದ ಕೈ ಬರೀ ಸೋಪಿಗೆ ಸ್ವಚ್ಛವಾಗದು. ಮೊದಲು ತಣ್ಣೀರು, ಆಮೇಲೆ ಉಪ್ಪು ಹಚ್ಚಿದ ನಿಂಬೆ ಹೋಳು, ಕೊನೆಗೆ ಸೋಪು. ಎರೆಹುಳುವಿನ ಬದಲು ರಾಗಿ ಮುದ್ದೆಯ ಉಂಡೆಯನ್ನೇ ಗಾಳಕ್ಕೆ ಸಿಕ್ಕಿಸಿದರೆ ಅರ್ಧ ತೊಂದರೆ ತಪ್ಪುತ್ತದೆ, ಮೀನು ತುಸು ಕಡಿಮೆ ಬೀಳಬಹುದು ಅಷ್ಟೇ.